ಹಲ್ಲಕ್ಕನ ಮೇಲ್ಮನವಿ

ಆ ಬೀದಿಯಲ್ಲಿ ಹಲ್ಲಕ್ಕ ಎಂದರೆ ಗೊತ್ತಿಲ್ಲದವರಿರಲಿಲ್ಲ. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿತ್ತೇ ಹೊರತು ಯಾರ ಬಾಯಲ್ಲೂ ಇರಲಿಲ್ಲ. ಕಟ್ಟಿಸಿಕೊಂಡ ಹಲ್ಲು ಸಡಿಲವಾದವರು, ಒಸಡು ಒತ್ತುತ್ತಿದೆ ಎಂದು ನರಳುವವರು, ಹೊಸ ಹಲ್ಲು ಬಾಯಿಗೆ ಬಿದ್ದ ದಿನದಿಂದ 'ಸ' ಎನ್ನಲು ಹೋದರೆ ಸಿಳ್ಳೆ ಬರುತ್ತದೆ ಎಂದು ದೂರುವವರು, ಎಲ್ಲರೂ ದಂತವೈದ್ಯರ ಶಾಪಿನ ಪಕ್ಕದ ಓಣಿಗೆ ನುಗ್ಗಿ ಹಿಂಬದಿಯ ಬಾಗಿಲು ತಟ್ಟುತ್ತಿದ್ದರು. ಶಾಲೆ ಬಿಟ್ಟ ಮಕ್ಕಳು ಬೇಕೆಂದೇ "ಹಲ್ಲಿಯಕ್ಕಾ" ಎಂದು ಕೂಗಿ ಓಡುತ್ತಿದ್ದರು. "ಗೋಡೆ ಹತ್ತಿ ಬಂದು ಹಿಡೀತೀನಿ ನೋಡಿ" ಎಂದು ಅವಳು ಒಳಗಿನಿಂದಲೇ ಹೇಳುವಳು. ಕೈಯಲ್ಲಿ ಮೇಣ ಇರುತ್ತಿದ್ದುದರಿಂದ ಏಳುತ್ತಿರಲಿಲ್ಲ.

ಅವಳು ಕಟ್ಟುಹಲ್ಲು ಮಾಡುವವಳು. ಮುಂದಿನ ಕೋಣೆಯಲ್ಲಿ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು, ಗೋಡೆಯಲ್ಲಿದ್ದ ಸಣ್ಣ ಕಿಟಕಿಯಿಂದ ಹಿಂದಕ್ಕೆ ದಾಟಿಸುವರು. ಅವಳು ಅದಕ್ಕೆ ಪ್ಲಾಸ್ಟರು ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸಿ, ಮೇಣದಲ್ಲಿ ಒಸಡು ಕಟ್ಟಿ, ಸಣ್ಣ ಜ್ವಾಲೆಯ ಮೇಲೆ ಚಾಕು ಕಾಯಿಸಿ ಒಂದೊಂದೇ ಹಲ್ಲನ್ನು ಕೂರಿಸುವಳು. ಆಮೇಲೆ ಅದನ್ನು ಹಿತ್ತಾಳೆಯ ಡಬ್ಬಿಯಲ್ಲಿ ಹೂತು, ಮೇಣ ಕರಗಿಸಿ ತೆಗೆದು, ಆ ಖಾಲಿ ಜಾಗಕ್ಕೆ ಗುಲಾಬಿ ಬಣ್ಣದ ಹಿಟ್ಟನ್ನು ತುಂಬಿ, ಬಿಗಿದು, ನೀರಿನಲ್ಲಿ ಒಂದೂವರೆ ಗಂಟೆ ಬೇಯಿಸಬೇಕು. ಹಲ್ಲು ತೀರಾ ಬಿಳಿಯಾಗಿರಬಾರದು, ತೀರಾ ಸಾಲಾಗಿಯೂ ಇರಬಾರದು. "ಎಪ್ಪತ್ತರ ಬಾಯಿಗೆ ಇಪ್ಪತ್ತರ ಹಲ್ಲು ಇಟ್ರೆ ನಕ್ಕಾಗ ಎರವಲು ತಂದ ಹಾಗೆ ಕಾಣುತ್ತೆ" ಎನ್ನುತ್ತಿದ್ದಳು. ಮುಂದಿನ ಎರಡು ಹಲ್ಲುಗಳಲ್ಲಿ ಒಂದನ್ನು ಎಳ್ಳಷ್ಟು ಓರೆ ಮಾಡಿ ಇಡುವುದು ಅವಳ ಕೈಚಳಕ. ಕಟ್ಟಿಸಿಕೊಂಡವರ ಗಂಡಂದಿರಿಗೇ, ಹೆಂಡತಿಯರಿಗೇ ಅದು ಕಟ್ಟಿದ್ದೆಂದು ಗೊತ್ತಾಗುತ್ತಿರಲಿಲ್ಲ.

ಈ ವಿದ್ಯೆ ಕಲಿಸಿದವರು ದೊಡ್ಡ ಡಾಕ್ಟರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವಳು ಅಲ್ಲಿಗೆ ಸೇರಿದ್ದು ರೋಗಿಗಳಿಗೆ ನಂಬರಿನ ಚೀಟಿ ಬರೆದುಕೊಡುವುದಕ್ಕೆ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ, ಉಳಿದಿದ್ದ ಮೇಣದ ಚೂರಿನಲ್ಲಿ ತನ್ನ ಹೆಬ್ಬೆರಳನ್ನೇ ಉಗುರಿನ ಗೆರೆ ಸಮೇತ ತಿದ್ದಿಟ್ಟಿದ್ದಳು. ಡಾಕ್ಟರು ಅದನ್ನು ಕಂಡು, ತಿರುಗಿಸಿ ಮುರುಗಿಸಿ ನೋಡಿ, "ನಾಳೆಯಿಂದ ಚೀಟಿ ಬೇರೆಯವರು ಬರೀಲಿ" ಎಂದರು. ಅಷ್ಟೇ. ಮೂವತ್ತೆರಡು ವರ್ಷ ಅವಳು ಆ ಹಿಂದಿನ ಎರಡು ಕೋಣೆ ಬಿಟ್ಟು ಕದಲಲಿಲ್ಲ. ಒಂದರಲ್ಲಿ ಕೆಲಸ, ಇನ್ನೊಂದರಲ್ಲಿ ವಾಸ. ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ದಾರಿ ತಪ್ಪಿ ಬೇರೆ ಮನೆಗೆ ಹೋಯಿತು. ತಂದೆತಾಯಿ ಹೋದ ಮೇಲೆ ಒಬ್ಬನೇ ತಮ್ಮ ಬಂದು ಅವಳ ಜೊತೆ ಇದ್ದ. ಅವನು ಸಿಟಿ ಬಸ್ಸಿನ ಡ್ರೈವರು. ಅವನೂ ಒಂಟಿ. "ನಮ್ಮ ಮನೇಲಿ ಜಗಳ ಆಡೋಕೂ ಹೊರಗಿನಿಂದ ಜನ ಕರೀಬೇಕು" ಎಂದು ನಗೆಯಾಡುತ್ತಿದ್ದ.

ದೊಡ್ಡ ಡಾಕ್ಟರು ಕೈ ನಡುಗಲು ಶುರುವಾದಾಗ ಕೆಲಸ ನಿಲ್ಲಿಸಿದರು. ನಿಲ್ಲಿಸುವ ದಿನ ಔಷಧಿ ಬರೆಯುವ ಹಾಳೆಯೊಂದನ್ನು ಕಿತ್ತು, ನಡುಗುವ ಕೈಯಲ್ಲೇ ಬರೆದರು: 'ಹಿಂದಿನ ಎರಡು ಕೋಣೆಗಳು ಈಕೆ ಇರುವಷ್ಟು ಕಾಲ ಈಕೆಗೆ. ಬಾಡಿಗೆಯ ಮಾತಿಲ್ಲ.' ಕೆಳಗೆ ಸಹಿ, ತಾರೀಖು. ಮಡಿಸಿ ಅವಳ ಕೈಗಿಟ್ಟು, "ಪೆಟ್ಟಿಗೇಲಿ ಇಟ್ಕೋ. ನಾಳೆ ನಾನಿರಲ್ಲ, ಕಾಗದ ಇರುತ್ತೆ" ಎಂದರು. ಅದಕ್ಕೆ ಛಾಪಾ ಕಾಗದ ಬೇಕು, ನೋಂದಣಿ ಆಗಬೇಕು ಎಂಬುದು ಅವರಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಊರವರ ಬಾಯಿಯ ಒಳಗನ್ನೆಲ್ಲ ಬಲ್ಲ ಇಬ್ಬರಿಗೂ ಕಾಗದಪತ್ರದ ಗಂಧವೇ ಇರಲಿಲ್ಲ.

ಮುಂದಿನ ಕೋಣೆಗೆ ಬೀಗ ಬಿತ್ತು. ಹಲ್ಲಕ್ಕ ಬೇರೆ ಬೇರೆ ದಂತವೈದ್ಯರಿಂದ ಕೆಲಸ ತಂದು ಹಿಂದೆ ಕೂತು ಮಾಡಿಕೊಡುತ್ತಿದ್ದಳು. ಹನ್ನೊಂದು ವರ್ಷ ಹಾಗೇ ನಡೆಯಿತು. ಆಮೇಲೆ ದೊಡ್ಡ ಡಾಕ್ಟರು ತೀರಿಕೊಂಡರು. ಅವರಿಗೆ ಒಬ್ಬಳೇ ಮಗಳು. ಅವರು ಹೋಗಿ ಆರು ತಿಂಗಳಾಗಿರಲಿಲ್ಲ, ಅಂಚೆಯವನು ಒಂದು ನೋಟೀಸು ತಂದು ಹಲ್ಲಕ್ಕನ ಕೈಯಿಂದ ಸಹಿ ಹಾಕಿಸಿಕೊಂಡು ಹೋದ.

ಸಂಜೆ ತಮ್ಮ ಬಂದು ಓದಿದ. "ಬಾಡಿಗೆದಾರರಾದ ತಾವು ಕಳೆದ ಹನ್ನೊಂದು ವರ್ಷಗಳಿಂದ ಬಾಡಿಗೆಯನ್ನು ಪಾವತಿಸದೆ ಇರುವುದರಿಂದ..." ಅಲ್ಲಿಗೆ ನಿಲ್ಲಿಸಿ ತಲೆಯೆತ್ತಿದ. "ನೀನು ಯಾವಾಗ ಬಾಡಿಗೆಗಿದ್ದೆ ಅಕ್ಕ?"

"ನಂಗೂ ಈಗ್ಲೇ ಗೊತ್ತಾಗಿದ್ದು" ಎಂದಳು.

ಮಾರನೆಯ ದಿನ ಅವಳು ಡಾಕ್ಟರ ಮಗಳ ಮನೆಗೆ ಹೋದಳು. ಆ ಹುಡುಗಿಯನ್ನು ಅವಳು ಲಂಗ ತೊಡುವ ವಯಸ್ಸಿನಿಂದ ಬಲ್ಲಳು. ಹದಿನಾಲ್ಕರಲ್ಲಿ ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಾಗ, ಅಪ್ಪನ ಕೈಯಲ್ಲೂ ಬೇಡ ಎಂದು ಅತ್ತು, ಹಲ್ಲಕ್ಕನೇ ಹಲ್ಲು ಮಾಡಲಿ ಎಂದು ಹಟ ಹಿಡಿದಿದ್ದಳು. ಈಗ ಅವಳಿಗೂ ನಲವತ್ತು ದಾಟಿತ್ತು. ಬಾಗಿಲು ತೆರೆದವಳು ಒಂದು ಗಳಿಗೆ ನಿಂತು, "ಬಾ ಅಕ್ಕ" ಎಂದಳು. ನೀರು ತಂದುಕೊಟ್ಟಳು. ಹಲ್ಲಕ್ಕ ಚೀಲದಿಂದ ಆ ಹಾಳೆ ತೆಗೆದು ಮುಂದಿಟ್ಟಳು. ಅಪ್ಪನ ನಡುಗುವ ಅಕ್ಷರ ಕಂಡು ಮಗಳ ಕಣ್ಣು ತುಂಬಿ ಬಂತು.

"ಅಪ್ಪ ಬರೆದದ್ದು ನಿಜ ಅಂತ ನಂಗೊತ್ತು ಅಕ್ಕ. ನನಗೂ ಹೇಳಿದ್ರು."

"ಹಾಗಾದ್ರೆ ಅಷ್ಟನ್ನೇ ಹೇಳಮ್ಮ. ಬೇರೇನೂ ಬೇಡ."

ಮಗಳು ಒಳಕೋಣೆಯ ಬಾಗಿಲ ಕಡೆ ನೋಡಿದಳು. ಅಲ್ಲಿ ಅವಳ ಗಂಡ ಫೋನಿನಲ್ಲಿ ಮಾತಾಡುವುದು ಕೇಳುತ್ತಿತ್ತು. "ಇದನ್ನೆಲ್ಲ ಮನೆಯವರೇ ನೋಡ್ಕೋತಿದ್ದಾರೆ. ನಂದೇನೂ ನಡೆಯಲ್ಲ" ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಹಾಳೆಯನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ವಾಪಸು ಕೊಟ್ಟಳು. ಹಲ್ಲಕ್ಕನಿಗೆ ಆ ಹುಡುಗಿಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಟ್ಟಿಹಾಕಿದ ಹಸುವಿನ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ ಎಂದು ಮೆಟ್ಟಿಲಿಳಿದು ಬಂದಳು.

ಬಾಡಿಗೆ ಕೋರ್ಟಿನಲ್ಲಿ ಕೇಸು ನಿಂತಿತು. ಅದು ಊರಿನ ಹಳೆಯ ಗೋದಾಮಿನ ಮಹಡಿಯಲ್ಲಿದ್ದ ಸಣ್ಣ ಕೋರ್ಟು. ಮನೆ ಮಾಲೀಕರ, ಬಾಡಿಗೆದಾರರ ತಂಟೆಗಳನ್ನು ಬೇಗ ಇತ್ಯರ್ಥ ಮಾಡಲೆಂದೇ ತೆರೆದದ್ದು. ತಮ್ಮನ ಡಿಪೋದಲ್ಲಿ ಯಾರೋ ಒಬ್ಬ ವಕೀಲನನ್ನು ಗೊತ್ತು ಮಾಡಿಕೊಟ್ಟರು. ಚುರುಕಿನ ಹುಡುಗ. ದಿನಕ್ಕೆ ನಾಲ್ಕು ಕೋರ್ಟು ಸುತ್ತುತ್ತಿದ್ದುದರಿಂದ ಅವನ ಕೈಯಿಂದ ಹೆಲ್ಮೆಟ್ಟು ಕೆಳಗಿಳಿಯುತ್ತಲೇ ಇರಲಿಲ್ಲ. ತಮ್ಮ ಅವನಿಗೆ ಹೆಲ್ಮೆಟ್ ವಕೀಲ ಎಂದೇ ಹೆಸರಿಟ್ಟ.

ಹೆಲ್ಮೆಟ್ ವಕೀಲ ಡಾಕ್ಟರ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. "ಇದಕ್ಕೆ ಬೆಲೆ ಇಲ್ಲಮ್ಮ. ಛಾಪಾ ಇಲ್ಲ, ಸಾಕ್ಷಿ ಇಲ್ಲ. ಇದನ್ನ ಇಟ್ಕೊಂಡು ವಾದ ಮಾಡೋದಕ್ಕಿಂತ ಜಡ್ಜ್ ಹತ್ರ ದಯೆ ಕೇಳೋದು ವಾಸಿ. ಹೆಂಗಸು, ವಯಸ್ಸಾಗಿದೆ, ಬೇರೆ ಜಾಗ ಹುಡುಕೋಕೆ ಟೈಮ್ ಕೊಡಿ ಅಂತ ಬರೀತೀನಿ. ಒಂದು ವರ್ಷ ಎಳೀಬಹುದು."

"ನಾನು ಬಾಡಿಗೆದಾರಳೇ ಅಲ್ಲ ಅಂತ ಬರೆಯೋದಿಲ್ವಾ?" ಎಂದು ಕೇಳಿದಳು.

"ಅದೆಲ್ಲ ಕಾನೂನಿನ ಮಾತು, ನಂಗೆ ಬಿಡಿ."

ಬಿಟ್ಟಳು. ಹಲ್ಲಿನ ವಿಷಯದಲ್ಲಿ ಯಾರಾದರೂ ಬಂದು ಅವಳಿಗೆ ಬುದ್ಧಿ ಹೇಳಿದರೆ ಅವಳು ಕೇಳುತ್ತಿದ್ದಳೇ? ಹಾಗೆಯೇ ಇದೂ ಎಂದುಕೊಂಡಳು. ಅವನು ಟೈಪು ಮಾಡಿಸಿ ತಂದ ಉತ್ತರದ ಕೆಳಗೆ ಅವನು ಬೆರಳಿಟ್ಟು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದಳು. ಒಂದು ವರ್ಷ ಎಳೆಯುತ್ತೇನೆ ಎಂದ ಕೇಸು ಐದು ತಿಂಗಳಲ್ಲಿ ಮುಗಿಯಿತು. ಬಾಡಿಗೆ ಕೊಟ್ಟಿಲ್ಲವೆಂಬುದನ್ನು ಬಾಡಿಗೆದಾರಳೇ ಅಲ್ಲಗಳೆದಿಲ್ಲ, ಕಾಲಾವಕಾಶವನ್ನಷ್ಟೇ ಕೋರಿದ್ದಾಳೆ. ಎರಡು ತಿಂಗಳೊಳಗೆ ಜಾಗ ತೆರವು ಮಾಡತಕ್ಕದ್ದು. ಹೆಲ್ಮೆಟ್ ವಕೀಲ ಫೋನಿನಲ್ಲಿ ಇಷ್ಟು ತಿಳಿಸಿ, "ಏನೂ ಮಾಡೋಕಾಗಲ್ಲಮ್ಮ" ಎಂದ. ಹಿಂದೆ ಬೈಕಿನ ಸದ್ದು ಕೇಳುತ್ತಿತ್ತು.

ಮೂರು ದಿನದ ನಂತರ ಒಬ್ಬ ಮುದುಕರು ಬಂದು ಬಾಗಿಲು ತಟ್ಟಿದರು. ಅವರೂ ವಕೀಲರೇ. ಎಂಟು ವರ್ಷದ ಹಿಂದೆ ಅವಳು ಮಾಡಿಕೊಟ್ಟ ಹಲ್ಲಿನ ಎಡಭಾಗ ಒಸಡಿಗೆ ಒತ್ತುತ್ತಿತ್ತು. ಕೆಲಸ ಬಹುತೇಕ ಬಿಟ್ಟಿದ್ದರು. ಬೆಳಗಿನ ಹೊತ್ತು ಕೋರ್ಟಿನ ಲೈಬ್ರರಿಯಲ್ಲಿ ಪೇಪರು ಓದುವುದು, ಸಂಜೆ ನಡೆಯುವುದು. ಹಲ್ಲನ್ನು ಅವಳ ಕೈಗೆ ಕೊಟ್ಟು, ಬೊಚ್ಚು ಬಾಯಲ್ಲಿ ಸ್ಟೂಲಿನ ಮೇಲೆ ಕೂತರು. ಅವಳು ಉಜ್ಜುವ ಚಕ್ರಕ್ಕೆ ಹಲ್ಲು ಹಿಡಿದಿದ್ದಾಗ, ಮೇಜಿನ ಮೇಲೆ ಬಿದ್ದಿದ್ದ ತೀರ್ಪಿನ ನಕಲು ಅವರ ಕಣ್ಣಿಗೆ ಬಿತ್ತು. ವಕೀಲರಿಗೆ ಮುದ್ರೆ ಒತ್ತಿದ ಕಾಗದ ಕಂಡರೆ ಸುಮ್ಮನೆ ಇರಲಾದೀತೇ? ಎತ್ತಿಕೊಂಡು ಓದಿದರು. ಓದಿ, "ನೀನು ಎಂದಾದರೂ ಬಾಡಿಗೆ ಕೊಟ್ಟಿದ್ಯಾ?" ಎಂದರು. ಹಲ್ಲಿಲ್ಲದ್ದರಿಂದ ಅದು 'ಬಾಯಿಗೆ' ಎಂದು ಕೇಳಿಸಿತು.

"ಬಾಯಿಗಾ?"

ಅವರು ಹಲ್ಲಿಗೆ ಕೈಚಾಚಿ, ಇಸಿದುಕೊಂಡು, ಹಾಕಿಕೊಂಡು ಮತ್ತೆ ಕೇಳಿದರು. ಅವಳು ಪೆಟ್ಟಿಗೆ ತೆರೆದು ಡಾಕ್ಟರ ಹಾಳೆ ತೋರಿಸಿದಳು. ಅವರು ಅದನ್ನೂ ಓದಿ, ತೀರ್ಪಿನ ಪಕ್ಕಕ್ಕಿಟ್ಟರು.

"ನೋಡಮ್ಮ, ಆ ಕೋರ್ಟು ಇರೋದು ಬಾಡಿಗೆ ಜಗಳ ಬಗೆಹರಿಸೋಕೆ ಮಾತ್ರ. ನೀನು ಬಾಡಿಗೆದಾರಳೇ ಅಲ್ಲ, ಈ ಜಾಗದಲ್ಲಿ ನಿನಗೆ ಬೇರೆ ಹಕ್ಕಿದೆ ಅಂದ್ರೆ, ಆ ಹಕ್ಕು ಇದೆಯೋ ಇಲ್ವೋ ಅಂತ ನೋಡೋಕೆ ಅವರಿಗೆ ಅಧಿಕಾರನೇ ಇಲ್ಲ. ಅದಕ್ಕೆ ದೊಡ್ಡ ಕೋರ್ಟಿಗೇ ಹೋಗಬೇಕಿತ್ತು. ಹಲ್ಲುನೋವಿಗೆ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋದ ಹಾಗಾಯ್ತು."

"ಕರ್ಕೊಂಡು ಹೋಗಿದ್ದಷ್ಟೇ ಆಗಿದ್ರೆ ಪರವಾಗಿರ್ಲಿಲ್ಲ ಸಾರ್. ಅವರು ಕಣ್ಣನ್ನೇ ಕಿತ್ತುಬಿಟ್ರು" ಎಂದಳು.

ಮುದುಕರು ಮೇಲ್ಮನವಿ ಹಾಕಲು ಒಪ್ಪಿದರು. ತಮ್ಮನಿಗೆ ಮನಸ್ಸಿರಲಿಲ್ಲ. "ಬೇಡ ಅಕ್ಕ. ಕೋರ್ಟು ಅಂದ್ರೆ ಗೆದ್ದವನು ಸೋತ, ಸೋತವನು ಸತ್ತ. ಎಲ್ಲಾದ್ರೂ ಎರಡು ಕೋಣೆ ನೋಡೋಣ." ಅವಳು ಹಟಮಾರಿಯಲ್ಲ. ಆದರೂ ಆ ಮಾತಿಗೆ ಒಪ್ಪಲಿಲ್ಲ. ತೀರ್ಪಿನಲ್ಲಿ ಅವಳನ್ನು 'ಬಾಕಿ ಉಳಿಸಿಕೊಂಡ ಬಾಡಿಗೆದಾರಳು' ಎಂದು ಕರೆದಿದ್ದರು. ಜಾಗ ಹೋಗುವುದಕ್ಕಿಂತ ಹೆಚ್ಚಾಗಿ ಆ ಮಾತು ಅವಳಿಗೆ ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತ್ತು. ತಾನು ಯಾರಿಗೂ ಏನನ್ನೂ ತಪ್ಪಿಸಿದವಳಲ್ಲ ಎಂದು ಯಾರಾದರೂ ಬರೆದುಕೊಡಬೇಕಿತ್ತು.

ಮೇಲಿನ ಕೋರ್ಟು ಎಂಟು ವಾರದ ತಡೆಯಾಜ್ಞೆ ಕೊಟ್ಟಿತು. ಎಂಟು ವಾರವೂ ಅವಳು ಮೈಮುರಿದು ಕೆಲಸ ಮಾಡಿದಳು. ಎಂಟನೆಯ ವಾರದ ಗುರುವಾರ ತಡೆಯಾಜ್ಞೆ ಮುಂದುವರಿಸಬೇಕಿತ್ತು. ಬೆಳಿಗ್ಗೆ ಒಂಬತ್ತಕ್ಕೆಲ್ಲ ಹೋಗಿ ಬೆಂಚಿನ ಮೇಲೆ ಕೂತಳು. ಹನ್ನೊಂದಕ್ಕೆ ಗುಮಾಸ್ತ ಹೊರಗೆ ಬಂದು, ನ್ಯಾಯಾಧೀಶರಿಗೆ ವರ್ಗವಾಗಿದೆ, ಹೊಸಬರು ಇನ್ನೂ ಬಂದಿಲ್ಲ, ಇವತ್ತಿನ ಕೇಸುಗಳೆಲ್ಲ ಮೂರು ವಾರದ ನಂತರ ಎಂದು ಒಂದೇ ಉಸಿರಿನಲ್ಲಿ ಹೇಳಿ ಒಳಗೆ ಹೋದ.

ಮುದುಕರು ಆ ಬಾಗಿಲಿಂದ ಈ ಬಾಗಿಲಿಗೆ ಓಡಾಡಿದರು. ಪಕ್ಕದ ಕೋಣೆಯ ನ್ಯಾಯಾಧೀಶರು, ಇದು ತಮ್ಮ ಪಟ್ಟಿಯ ಕೇಸಲ್ಲ ಎಂದರು. ಕಚೇರಿಯವರು, ಅರ್ಜಿ ಕೊಟ್ಟು ಹೋಗಿ ಎಂದರು. ಅರ್ಜಿ ಕೊಟ್ಟರು. ಅದಕ್ಕೆ ಒಂದು ಮುದ್ರೆ ಬಿತ್ತು. "ಮೂರು ವಾರ ಹೆಂಗಾದ್ರೂ ಕಳೆದ್ರೆ ಆಯ್ತು" ಎಂದು ಮುದುಕರು ಹೇಳಿದರು. ಆದರೆ ಅವಳ ಮುಖ ನೋಡಿ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಅಮೀನ ಬಂದ. ಬಾಡಿಗೆ ಕೋರ್ಟಿನ ಆಜ್ಞೆಯನ್ನು ಜಾರಿ ಮಾಡುವುದು ಅವನ ಕೆಲಸ. ಜೊತೆಗೆ ಇಬ್ಬರು ಪೊಲೀಸರು, ನಾಲ್ಕು ಜನ ಕೂಲಿಯವರು. ಡಾಕ್ಟರ ಅಳಿಯ ಓಣಿಯ ಬಾಯಲ್ಲಿ ನಿಂತಿದ್ದ. ಅವನ ಕಾರಿನಲ್ಲಿ ಡಾಕ್ಟರ ಮಗಳು ಕೂತಿದ್ದಳು. ಗಾಜು ಏರಿಸಿತ್ತು.

ಹಲ್ಲಕ್ಕನ ಒಲೆಯ ಮೇಲೆ ಡಬ್ಬಿ ಕುದಿಯುತ್ತಿತ್ತು. ಒಳಗೆ ಒಬ್ಬ ನಿವೃತ್ತ ಮೇಷ್ಟರ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಇದ್ದವು. ಇಟ್ಟು ಇಪ್ಪತ್ತು ನಿಮಿಷ ಆಗಿತ್ತು.

"ಮೇಲಿನ ಕೋರ್ಟಲ್ಲಿ ಕೇಸಿದೆ ಸಾರ್" ಎಂದಳು.

ಅಮೀನ ಒರಟನಲ್ಲ. ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಬಂದಿದ್ದ. "ಕೇಸಿರಬಹುದಮ್ಮ. ತಡೆ ಇದೆಯಾ? ಇವತ್ತಿನ ತಾರೀಖಿನ ತಡೆ ತೋರಿಸಿ, ಹೀಗೇ ವಾಪಸು ಹೋಗ್ತೀನಿ."

ಅವಳ ಹತ್ತಿರ ಇದ್ದದ್ದು ಗುರುವಾರ ಮುಗಿದ ತಡೆ, ಮತ್ತು ಮುದ್ರೆ ಬಿದ್ದ ಅರ್ಜಿ. ಅವನು ಎರಡನ್ನೂ ನಿಧಾನವಾಗಿ ಓದಿ ತಲೆಯಾಡಿಸಿದ.

"ಆ ಕೋರ್ಟಿಗೆ ಅಧಿಕಾರವೇ ಇಲ್ವಂತೆ."

"ಅದನ್ನ ಹೇಳೋ ಅಧಿಕಾರ ನನಗಿಲ್ಲಮ್ಮ."

"ಹೋಗ್ಲಿ, ಒಲೆ ಮೇಲಿರೋದು ಬೇಯಲಿ. ಇನ್ನೊಂದು ಗಂಟೆ ಸಾಕು. ಮಧ್ಯ ಇಳಿಸಿದ್ರೆ ಒಳಗೆಲ್ಲ ತೂತು ಬಿದ್ದು ಹಾಳಾಗುತ್ತೆ. ಮೇಷ್ಟ್ರು ಒಂದೂವರೆ ತಿಂಗಳಿಂದ ಗಂಜಿ ಕುಡ್ಕೊಂಡು ಕಾಯ್ತಿದ್ದಾರೆ."

ಅಮೀನ ಓಣಿಯ ಕಡೆ ನೋಡಿದ. ಅಳಿಯ ಗಡಿಯಾರ ನೋಡಿಕೊಂಡ. "ಗ್ಯಾಸ್ ಆರಿಸಿ" ಎಂದು ಅಮೀನ ಕೂಲಿಯವರಿಗೆ ಹೇಳಿದ. ಅವಳೇ ಮುಂದೆ ಹೋಗಿ ಆರಿಸಿದಳು. ಬೇರೆಯವರು ಆರಿಸುವುದು ಬೇಡ ಎನ್ನಿಸಿತು.

ತಮ್ಮ ಬಸ್ಸನ್ನು ಡಿಪೋದಲ್ಲಿ ಬಿಟ್ಟು ಖಾಕಿ ಬಟ್ಟೆಯಲ್ಲೇ ಓಡಿಬಂದಾಗ ಅರ್ಧ ಸಾಮಾನು ಓಣಿಯಲ್ಲಿತ್ತು. ಪೊಲೀಸರು ಅವನನ್ನು ಯಾರೋ ಇಲಾಖೆಯವನು ಎಂದುಕೊಂಡು ದಾರಿ ಬಿಟ್ಟರು. ಮೂವತ್ತು ವರ್ಷದ ಬಾಯಿಗಳ ಅಚ್ಚುಗಳೆಲ್ಲ ಸಾಲಾಗಿ ಗೋಡೆಯ ಹಲಗೆಗಳ ಮೇಲಿದ್ದವು. ಪ್ರತಿಯೊಂದರ ಬುಡದಲ್ಲೂ ಪೆನ್ಸಿಲಿನಲ್ಲಿ ಬರೆದ ಗುರುತು. ಕೂಲಿಯವರು ಅವನ್ನು ಗೋಣಿಚೀಲಕ್ಕೆ ಸುರಿದರು. ಇಟ್ಟಿಗೆ ಚೂರು ಸುರಿದ ಹಾಗೆ ಸದ್ದಾಯಿತು.  ತಮ್ಮ ಉಜ್ಜುವ ಯಂತ್ರವನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತಿದ್ದ.  ಮಧ್ಯಾಹ್ನ ಒಂದಕ್ಕೆ ಅಮೀನ ಬೀಗ ಹಾಕಿ, ಅರಗು ಕರಗಿಸಿ ಮುದ್ರೆ ಒತ್ತಿ, ಪಟ್ಟಿಗೆ ಅವಳ ಸಹಿ ಹಾಕಿಸಿಕೊಂಡ. ಹೋಗುವಾಗ, "ಮೇಲಿನ ಕೋರ್ಟಲ್ಲಿ ಗೆಲ್ತೀರಿ ಬಿಡಿ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ.

ಮೇಷ್ಟರ ಹಲ್ಲು ತೂತು ತೂತಾಗಿತ್ತು. ಅವಳು ಅದನ್ನು ಮೊದಲಿನಿಂದ ಮಾಡಿಕೊಡಲು ಎರಡು ತಿಂಗಳಾಯಿತು. ಹಲ್ಲು ಮಾಡುವವಳಿಗೆ ಯಾರೂ ಜಾಗ ಕೊಡಲು ಮುಂದೆ ಬರಲಿಲ್ಲ. ಪ್ಲಾಸ್ಟರು ಚರಂಡಿಗೆ ಹೋದರೆ ಕಲ್ಲಾಗಿ ಕಟ್ಟಿಕೊಳ್ಳುತ್ತದೆ, ಗುಲಾಬಿ ಹಿಟ್ಟಿಗೆ ಬೆರೆಸುವ ದ್ರವದ ವಾಸನೆ ಮೂಗಿಗೆ ಅಡರುತ್ತದೆ, ದಿನವಿಡೀ ಗ್ಯಾಸು ಉರಿಯುತ್ತದೆ. ಕೊನೆಗೆ ಒಂದು ಮೂರನೆಯ ಮಹಡಿಯಲ್ಲಿ ಒಂಟಿ ಕೋಣೆ ಸಿಕ್ಕಿತು. ಪ್ಲಾಸ್ಟರಿನ ನೀರನ್ನು ಒಂದು ತೊಟ್ಟೂ ತೊಟ್ಟಿಗೆ ಚೆಲ್ಲಬಾರದು ಎಂಬುದು ಕರಾರು. ಅವಳು ಅದನ್ನು ಬಕೆಟ್ಟಿನಲ್ಲಿ ತುಂಬಿ, ದಿನಕ್ಕೆ ಎರಡು ಸಲ ಅರವತ್ತೆರಡು ಮೆಟ್ಟಿಲು ಇಳಿಸಿ, ಖಾಲಿ ಸೈಟಿನಲ್ಲಿ ಸುರಿದು ಬರಬೇಕಿತ್ತು. ಇಬ್ಬರಿಗೆ ಮಲಗಲು ಜಾಗ ಸಾಲದೆ ತಮ್ಮ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಮಲಗತೊಡಗಿದ. ಹಳೆಯ ಗಿರಾಕಿಗಳಲ್ಲಿ ಮಂಡಿ ನೋವಿಲ್ಲದವರು ಎಷ್ಟು ಜನ? ಹಲ್ಲಿಲ್ಲದವರಿಗೆ ಸಾಮಾನ್ಯವಾಗಿ ಮಂಡಿಯೂ ಇರುವುದಿಲ್ಲ. ಬಾಗಿಲು ತಟ್ಟುವವರು ಕಡಿಮೆಯಾದರು. ಅವಳನ್ನು ಹಲ್ಲಕ್ಕ ಎನ್ನುವವರೂ ಕಡಿಮೆಯಾದರು.

ಮೇಲ್ಮನವಿ ಮಾತ್ರ ನಡೆಯುತ್ತಿತ್ತು. ನಡೆಯುತ್ತಿತ್ತು ಎಂದರೆ, ತಾರೀಖಿನಿಂದ ತಾರೀಖಿಗೆ ಕುಂಟುತ್ತಿತ್ತು. ಹೊಸ ನ್ಯಾಯಾಧೀಶರು ಬಂದು, ಜಾಗ ಹೇಗೂ ತೆರವಾಗಿರುವುದರಿಂದ ತಡೆಯಾಜ್ಞೆಯ ಪ್ರಶ್ನೆಯೇ ಇಲ್ಲ, ತುರ್ತೂ ಇಲ್ಲ ಎಂದರು. ತುರ್ತು ಇಲ್ಲದ ಕೇಸುಗಳ ಗಂಟಿಗೆ ಅದು ಸೇರಿತು. ಒಂದು ಸಲ ಎದುರು ವಕೀಲರಿಗೆ ಜ್ವರ, ಒಂದು ಸಲ ಕೆಳ ಕೋರ್ಟಿನ ಕಡತ ಬಂದಿಲ್ಲ, ಒಂದು ಸಲ ಬಂದ ಕಡತ ಬೇರೆಯದು. ಮೊದಲ ವರ್ಷ ಮುಗಿಯುವುದರೊಳಗೆ ಅಳಿಯ ಆ ಹಳೆಯ ಕಟ್ಟಡವನ್ನು ಕೆಡವಿಸಿದ. ತಮ್ಮ ಬಸ್ಸಿನ ಕಿಟಕಿಯಿಂದ ಕಂಡು, ನಾಲ್ಕು ದಿನ ಅಕ್ಕನಿಗೆ ಹೇಳದೆ ಇದ್ದ. ಐದನೆಯ ದಿನ ಹೇಳಿದಾಗ ಅವಳು, "ಗೊತ್ತು. ನಾನೂ ನೋಡ್ಕೊಂಡು ಬಂದೆ" ಎಂದಳು.

ಮೂರನೆಯ ವರ್ಷದ ಕೊನೆಗೆ ವಾದ ನಡೆಯಿತು. ಎದುರು ವಕೀಲರು ಎದ್ದು, "ಸ್ವಾಮಿ, ಈ ಹೆಂಗಸು ಕೆಳ ಕೋರ್ಟಿನಲ್ಲಿ ಅಧಿಕಾರದ ಮಾತೇ ಎತ್ತಿಲ್ಲ. ಕಾಲಾವಕಾಶ ಕೊಡಿ ಅಂತ ಬೇಡಿಕೊಂಡಿದ್ದಾಳೆ. ತೀರ್ಪು ತನ್ನ ವಿರುದ್ಧ ಬಂದ ಮೇಲೆ ಆ ಕೋರ್ಟೇ ಸರಿಯಿಲ್ಲ ಅಂತಿದ್ದಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು. ಹಿಂದಿನ ಬೆಂಚಿನಲ್ಲಿ ಇಬ್ಬರು ನಕ್ಕರು. ಹಲ್ಲಕ್ಕ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು.

ಮುದುಕರು ಮೆಲ್ಲಗೆ ಎದ್ದರು. "ಸ್ವಾಮಿ, ಅಧಿಕಾರ ಅನ್ನೋದು ಕಾನೂನು ಕೊಡಬೇಕು. ಕಕ್ಷಿದಾರರು ಸುಮ್ಮನಿದ್ದರು ಅಂತ ಹುಟ್ಟೋದಿಲ್ಲ, ಒಪ್ಪಿಕೊಂಡರು ಅಂತಲೂ ಹುಟ್ಟೋದಿಲ್ಲ. ಬಾಡಿಗೆ ಅಂತ ಒಂದು ಬಿಡಿಕಾಸು ಕೊಟ್ಟ ರಸೀತಿ ಇದೆಯಾ ಅಂತ ಅವರನ್ನೇ ಕೇಳಿ. ಕರಾರು ಇದೆಯಾ ಕೇಳಿ. ಇಲ್ಲಿರೋದು ಇದೊಂದೇ ಕಾಗದ, ಇದರಲ್ಲಿ ಬಾಡಿಗೆಯ ಮಾತಿಲ್ಲ ಅಂತಲೇ ಬರೆದಿದೆ. ಈ ಕಾಗದಕ್ಕೆ ಬೆಲೆ ಇದೆಯೋ ಇಲ್ಲವೋ, ನಾನು ವಾದಿಸೋದಿಲ್ಲ. ಅದನ್ನು ತೂಗಿ ನೋಡೋ ತಕ್ಕಡಿ ಬಾಡಿಗೆ ಕೋರ್ಟಿನಲ್ಲಿಲ್ಲ ಅಂತ ಮಾತ್ರ ಹೇಳ್ತೀನಿ." ಒಂದು ಅಕ್ಷರವೂ ಸಿಳ್ಳೆಯಾಗಲಿಲ್ಲ. ನ್ಯಾಯಾಧೀಶರು ಬರೆದುಕೊಂಡರು. ಎಲ್ಲ ಸೇರಿ ಹದಿನೈದು ನಿಮಿಷ.

ತೀರ್ಪಿನ ದಿನ ಅಕ್ಕ ತಮ್ಮ ಇಬ್ಬರೂ ಹೋಗಿದ್ದರು. ನ್ಯಾಯಾಧೀಶರು ಕೊನೆಯ ಪುಟವನ್ನಷ್ಟೇ ಓದಿದರು. ಮೇಲ್ಮನವಿ ಪುರಸ್ಕೃತವಾಗಿದೆ. ಕಕ್ಷಿದಾರರ ನಡುವೆ ಬಾಡಿಗೆಯ ಸಂಬಂಧವೇ ಸಾಬೀತಾಗಿರುವುದಿಲ್ಲ. ಕೆಳ ನ್ಯಾಯಾಲಯ ತನಗಿಲ್ಲದ ಅಧಿಕಾರವನ್ನು ಚಲಾಯಿಸಿದೆ, ಆದ್ದರಿಂದ ಅದರ ಆಜ್ಞೆ ರದ್ದು. ಹಕ್ಕಿನ ಪ್ರಶ್ನೆಯನ್ನು ಉಭಯರೂ ಸೂಕ್ತ ನ್ಯಾಯಾಲಯದಲ್ಲಿ ಎತ್ತಲು ಸ್ವತಂತ್ರರು. ಓದಿ ಮುಗಿಸಿ ಮುಂದಿನ ಕಡತ ಎಳೆದುಕೊಂಡರು.

ಹೊರಗೆ ಬಂದು ಮುದುಕರು ಗೋಡೆಗೆ ಒರಗಿ ನಿಂತರು. ಅವರ ಕಣ್ಣಲ್ಲಿ ನೀರಿತ್ತು. ಬಹಳ ವರ್ಷದ ಮೇಲೆ ಗೆದ್ದಿದ್ದರು. "ಗೆದ್ದೆ ಕಣಮ್ಮ. ನೀನು ಬಾಡಿಗೆದಾರಳಲ್ಲ ಅಂತ ಬರೆದಿದ್ದಾರೆ."

ಹಲ್ಲಕ್ಕನಿಗೆ ಒಂದು ಗಳಿಗೆ ಎದೆ ಹಗುರಾಯಿತು. ಆ ಮಾತು ಬೇಕಿತ್ತು, ಸಿಕ್ಕಿತು. ಆಮೇಲೆ ಕೇಳಿದಳು, "ಬೀಗದ ಕೈ ಯಾರ ಹತ್ರ ಇಸ್ಕೋಬೇಕು ಸಾರ್?"

ಮುದುಕರು ಕನ್ನಡಕ ತೆಗೆದು ಒರೆಸಿದರು. ಹೋದದ್ದನ್ನು ವಾಪಸು ಕೊಡಿಸಿ ಎಂದು ಬೇರೆ ಅರ್ಜಿ ಹಾಕಬೇಕು ಎಂದರು. ಎಲ್ಲಿ ಎಂದು ತಮ್ಮ ಕೇಳಿದ. ಯಾವ ಕೋರ್ಟು ತೆರವು ಮಾಡಿಸಿತ್ತೋ ಅದೇ ಕೋರ್ಟಿನಲ್ಲಿ. ಬಾಡಿಗೆ ಕೋರ್ಟಿನಲ್ಲಿ.

"ಅದಕ್ಕೆ ಅಧಿಕಾರ ಇಲ್ಲ ಅಂತ ಈಗ ತಾನೇ ಅಂದ್ರಲ್ಲ."

"ಕಿತ್ಕೊಳ್ಳೋ ಅಧಿಕಾರ ಇರ್ಲಿಲ್ಲ. ಕಿತ್ಕೊಂಡಿದ್ದನ್ನ ವಾಪಸು ಕೊಡೋ ಜವಾಬ್ದಾರಿ ಇದೆ. ಕಾನೂನು ಹಾಗೇ ಇದೆಯಪ್ಪ."

 ತಮ್ಮ, "ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರು" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಹಲ್ಲಕ್ಕ ಮುದುಕರ ತೋಳು ಹಿಡಿದು ಮೆಟ್ಟಿಲಿಳಿಸಿದಳು. ಅವರ ಮೇಲೆ ಅವಳಿಗೆ ಯಾವ ದೂರೂ ಇರಲಿಲ್ಲ. ಅವರು ಹೇಳಿದ್ದೆಲ್ಲ ನಿಜವಾಗಿತ್ತು. ಅಮೀನ ಹೇಳಿದ್ದೂ ನಿಜವಾಗಿತ್ತು. ಇಷ್ಟು ಜನ ನಿಜ ಹೇಳಿದ ಮೇಲೂ ತನ್ನ ಕೈ ಖಾಲಿಯೇ ಉಳಿದದ್ದು ಹೇಗೆ ಎಂದು ಅವಳಿಗೆ ಅರ್ಥವಾಗಲಿಲ್ಲ.

ಅರ್ಜಿ ಹಾಕುವುದೋ ಬೇಡವೋ ಎಂದು ಅವಳು ಒಂದು ತಿಂಗಳು ಸುಮ್ಮನಿದ್ದಳು. ಅವಧಿ ಮೀರಿದರೆ ಗೆದ್ದದ್ದೂ ವ್ಯರ್ಥ ಎಂದು ಮುದುಕರು ಎರಡು ಸಲ ಹೇಳಿಕಳಿಸಿದರು. ಹೋದಳು. ಗೋದಾಮಿನ ಕೆಳಗೆ, ಮೆಟ್ಟಿಲ ಮರೆಯಲ್ಲಿ, ಒಬ್ಬ ಹೆಂಗಸು ಟೈಪಿಂಗ್ ಯಂತ್ರ ಇಟ್ಟುಕೊಂಡು ಅರ್ಜಿ ಬರೆದುಕೊಡುತ್ತಿದ್ದಳು. ಮುದುಕರು ಹೇಳಿದ್ದನ್ನೆಲ್ಲ ಟೈಪು ಮಾಡಿ, "ಇನ್ನು ಸ್ವತ್ತಿನ ವಿವರ ಹೇಳಿ. ಉದ್ದ, ಅಗಲ, ಚೆಕ್ಕುಬಂದಿ" ಎಂದಳು.

ಹಲ್ಲಕ್ಕ ಹೇಳತೊಡಗಿದಳು. ಕೆಲಸದ ಕೋಣೆ ಹನ್ನೊಂದಡಿ ಉದ್ದ, ಒಂಬತ್ತಡಿ ಅಗಲ. ಉತ್ತರದ ಗೋಡೆಗೆ ಕಲ್ಲಿನ ಮೇಜು, ಅದರ ಪಕ್ಕ ತೊಟ್ಟಿ. ತೊಟ್ಟಿಯ ಕೆಳಗೆ ಪ್ಲಾಸ್ಟರು ಇಳಿಯಲು ಬೇರೆ ಗುಂಡಿ, ಅದನ್ನು ಡಾಕ್ಟರೇ ನಿಂತು ಕಟ್ಟಿಸಿದ್ದು. ಗೋಡೆಯಲ್ಲಿ ಒಂದು ಕಿಟಕಿ, ಅಚ್ಚು ದಾಟಿಸುವಷ್ಟು ದೊಡ್ಡದು. ಎರಡನೆಯ ಕೋಣೆ ಅದಕ್ಕಿಂತ ಒಂದಡಿ ಕಿರಿದು. ಹೆಂಗಸು ಕೈ ನಿಲ್ಲಿಸಿ, "ಅಷ್ಟೆಲ್ಲ ಬೇಡಮ್ಮ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಅಷ್ಟು ಹೇಳಿ" ಎಂದಳು.

"ಪೂರ್ವಕ್ಕೆ ಡಾಕ್ಟರ ಶಾಪು. ಪಶ್ಚಿಮಕ್ಕೆ ಕಾಂಪೌಂಡು. ದಕ್ಷಿಣಕ್ಕೆ ಓಣಿ."

"ಈಗ ಹಾಗೇ ಇದೆಯಲ್ಲ? ಆಮೇಲೆ ಅಮೀನರು ಹೋಗಿ ನೋಡ್ತಾರೆ."

"ಈಗ ಏನೂ ಇಲ್ಲ. ಕಾರು ನಿಲ್ಲಿಸ್ತಾರೆ."

ಟೈಪು ಮಾಡುವವಳು ಅವಳ ಮುಖ ನೋಡಿದಳು, ಮುದುಕರ ಮುಖ ನೋಡಿದಳು. ಮುದುಕರು, "ಮೊದಲು ಇದ್ದ ಹಾಗೇ ಹಾಕಮ್ಮ" ಎಂದರು. ಅವಳು ಹಾಕಿದಳು. ಮೂರು ಪ್ರತಿ ತೆಗೆದು ಕೊಟ್ಟಳು.

ಮಹಡಿಯ ಮೇಲೆ ಗುಮಾಸ್ತ ಅರ್ಜಿ ತೆಗೆದುಕೊಂಡು, ತೀರ್ಪಿನ ನಕಲು ನೋಡಿ, ಇದಕ್ಕೆ ಯಾವ ನಮೂನೆಯ ನಂಬರು ಕೊಡಬೇಕೋ ತನಗೆ ತಿಳಿಯದು, ಸಾಹೇಬರನ್ನು ಕೇಳಬೇಕು ಎಂದ. ಸಾಹೇಬರು ರಜೆಯಲ್ಲಿದ್ದರು. ನಾಲ್ಕು ತಿಂಗಳ ಆಚೆಯ ಒಂದು ತಾರೀಖನ್ನು ಚೀಟಿಯಲ್ಲಿ ಬರೆದುಕೊಟ್ಟ. ಹಲ್ಲಕ್ಕ ಅದನ್ನು ಓದಿ, ಮಡಿಸಿ, ಚೀಲಕ್ಕೆ ಹಾಕಿಕೊಂಡಳು. ಮುದುಕರನ್ನು ಬಸ್ಸು ಹತ್ತಿಸಿ, ತನ್ನ ಕೋಣೆಗೆ ನಡೆದು, ಮೂರು ಮಹಡಿ ಹತ್ತಿದಳು. ಬೆಳಿಗ್ಗೆ ಹೊಯ್ದಿಟ್ಟಿದ್ದ ಒಂದು ಬಾಯಿಯ ಅಚ್ಚು ಒಣಗಿ ಕಾಯುತ್ತಿತ್ತು. ಕಿಟಕಿ ತೆರೆದು, ದೀಪ ಹಚ್ಚಿ, ಮೇಣದ ಚಾಕು ಕಾಯಲು ಇಟ್ಟಳು.